ಊರು ತೀರ್ಮಾನ ಆಯ್ತು

ತೇಜಸ್ವಿನಿ: ನನ್ನ ಕಮಿಟ್ ಮೇಲೆ ನೀವ್ಯಾಕೆ ಕೈಯಾಡ್ಸುದ್ರಿ?

ಶಿವಮೂರ್ತಿ: ಕೈಯಾಡ್ಸಿಲ್ಲ ತೇಜು, ಅಮೆಂಡ್ ಮಾಡ್ದೆ.

ತೇಜಸ್ವಿನಿ: ನಮ್ಮೂರಲ್ಲಿ ಅದುಕ್ಕೇ ಕೈಯಾಡ್ಸೋದು ಅನ್ನೋದು.

(ಚಾಮರಾಜನಗರದ ಪುಟ್ಟ ಸಾಫ್ಟ್‌ವೇರ್ ಆಫೀಸು. ಇಬ್ಬರದೂ ಅಕ್ಕಪಕ್ಕದ ಮೇಜು, ನಿಶ್ಚಿತಾರ್ಥವೂ ಆಗಿದೆ. ಮದುವೆಯ ಕರೆಯೋಲೆಗೆಂದು ಸೇರಿ ಒಂದು ವೆಬ್‌ಸೈಟ್ ಮಾಡುತ್ತಿದ್ದಾರೆ. ಒಂದೇ ಸಾಲನ್ನು ಇಬ್ಬರು ತಿದ್ದಿದರೆ, ತಿದ್ದುಪಡಿಗಳ ಲೆಕ್ಕ ಇಡುವ ಗಿಟ್ ‘ಕಾನ್‌ಫ್ಲಿಕ್ಟ್’ ಎಂದು ಎರಡನ್ನೂ ಬಾಣದ ಗುರುತು ಹಾಕಿ ಮುಂದಿಡುತ್ತದೆ. ಯಾವುದು ಉಳಿಯಬೇಕೆಂದು ಮನುಷ್ಯರೇ ಹೇಳಬೇಕು. ಶಿವಮೂರ್ತಿ ಅದನ್ನು ಹೇಳದೆ, ಬಾಣಗಳ ಸಮೇತ ಎರಡನ್ನೂ ಅವಳ ಕಮಿಟ್‌ಗೆ, ಅಂದರೆ ಅವಳು ತನ್ನ ಹೆಸರಲ್ಲಿ ಉಳಿಸಿಟ್ಟ ತಿದ್ದುಪಡಿಗೆ, ಸೇರಿಸಿ ನೆಂಟರಿಗೆಲ್ಲ ಕಾಣುವಂತೆ ಬಿಟ್ಟಿದ್ದಾನೆ.)

ತೇಜಸ್ವಿನಿ: ಕಾನ್‌ಫ್ಲಿಕ್ಟ್ ಬಂದ್ರೆ ತೆಗೆದು ನೋಡ್ಬೇಕು ತಾನೆ?

ಶಿವಮೂರ್ತಿ: ಟೀ ಆರೋಗ್ತಿತ್ತು. ಎರಡೂ ಇರ್ಲಿ ಅಂತ ಆಡ್ ಹೊಡ್ದೆ, ಗಿಟ್ಟೂ ಸುಮ್ಕಾಯ್ತು.

ತೇಜಸ್ವಿನಿ: ಅಮೆಂಡ್ ಮಾಡುದ್ರೆ ಬರೆದೋರ ಹೆಸ್ರು ನಂದೇ ಉಳೀತದೆ! ಪುಟದ ಕೆಳಗೆ ನನ್ನ ಕಮಿಟ್ ಟಿಪ್ಪಣಿ ನೋಡಿ: ‘ಊರು ತೀರ್ಮಾನ ಆಯ್ತು, ತೇಜಸ್ವಿನಿ’. ಮೇಲೆ ಎರಡೂರು!

ಶಿವಮೂರ್ತಿ: ಮದುವೆ ವಿಷ್ಯದಲ್ಲಿ ನಿಂದು ನಂದು ಅನ್ಬಾರ್ದು ಅಂತ ಸೇರಿಸ್ಬುಟ್ಟೆ.

ತೇಜಸ್ವಿನಿ: ನಗಬ್ಯಾಡಿ. ನಮ್ಮೂರು ಉಮ್ಮತ್ತೂರಲ್ಲಿ ಧಾರೆ ಆಗ್ದೇ ಇದ್ರೆ ಮದುವೇನೇ ಬ್ಯಾಡ ಅಂತ ಅಪ್ಪ ಪಟ್ಟು ಹಿಡಿದವ್ರೆ. ನಂಗೆ ಭಯ ಆಯ್ತದೆ.

ಶಿವಮೂರ್ತಿ: ಅದುಕ್ಕೇ ನಾನು ಉಮ್ಮತ್ತೂರು ಅಂತ ಬರ್ದಿದ್ದು.

(ತೇಜಸ್ವಿನಿ ಪರದೆ ನೋಡಿದಳು. ಅವನೂರು ಹಂಗಳ ಎಂದು ಬರೆದವಳು ಅವಳೇ.)

ತೇಜಸ್ವಿನಿ: ನಿಮ್ಮಪ್ಪ ಹಂಗಳ ಬಿಟ್ಟು ಕದಲಾಕಿಲ್ಲ ಅಂತ ನೀವು ಊಟ ಬಿಟ್ಟಿದ್ರಲ್ಲ. ನಮ್ಮಪ್ಪನ ಕಾಲಾದ್ರೂ ಹಿಡಿಯನ ಅಂತ ಬರ್ದೆ. ಈಗ ನಂದು ತೆಗೀರಿ.

ಶಿವಮೂರ್ತಿ: ಎಲ್ಲಾರ ಉಂಟಾ? ನಂದು ತೆಗಿ. ಹಂಗಳವೇ ಇರ್ಲಿ.

ತೇಜಸ್ವಿನಿ: ಉಮ್ಮತ್ತೂರು!

ಶಿವಮೂರ್ತಿ: ಹಂಗಳ ಅಂದ್ನಲ್ಲ!

(ಫೋನ್ ಬಂತು. ಅವಳ ಅಪ್ಪ ಕರಿಬಸವಯ್ಯ. ತೇಜಸ್ವಿನಿ ಸ್ಪೀಕರ್ ಒತ್ತಿದಳು.)

ಕರಿಬಸವಯ್ಯ: ನೀನೇ ಬರ್ದಿದ್ದೀಯಲ್ಲ ಅಂತ ನಾನೂ ಬೀಗ್ರೂ ಒಪ್ಕೊಂಡ್ಬುಟ್ಟೋ ಕಣಮ್ಮಿ. ಎರಡೂರಲ್ಲೂ ಚಪ್ಪರಕ್ಕೆ ಹೇಳಾಯ್ತು.

ತೇಜಸ್ವಿನಿ: ಅಪ್ಪಾ, ಮುಹೂರ್ತ ಒಂದೇ!

ಕರಿಬಸವಯ್ಯ: ಅದುಕ್ಕೇ ಫೋನ್ ಮಾಡ್ದೆ. ಹಂಗಳದ ಚಪ್ಪರಕ್ಕೆ ಗಂಡು ಶಿವಮೂರ್ತಿ. ನಮ್ಮೂರ ಚಪ್ಪರಕ್ಕೆ ಯಾರು?

(ಶಿವಮೂರ್ತಿ ಫೋನ್ ಕಿತ್ತುಕೊಂಡ.)

ಶಿವಮೂರ್ತಿ: ನಾನೇ ಮಾವ! ಉಮ್ಮತ್ತೂರಿಗೇ ಬತ್ತೀನಿ!

ಕರಿಬಸವಯ್ಯ: ಅಂಗ್ ಬಾ ದಾರಿಗೆ.