ಮೇ ತಿಂಗಳ ಶಾಲು

ಮೇ ತಿಂಗಳಲ್ಲಿ ಸಿಂಧನೂರಿನ ರಸ್ತೆಯಲ್ಲಿ ಯಾರಾದರೂ ಶಾಲು ಹೊದ್ದು ಬಂದರೆ ಅವರಿಗೆ ಎಲ್ಲೋ ಸನ್ಮಾನವಾಗಿದೆ ಎಂದೇ ಅರ್ಥ. ಬೇರೆ ಕಾರಣಕ್ಕೆ ಶಾಲು ಹೊದೆಯುವ ಮನುಷ್ಯ ಆ ಬಿಸಿಲಿನಲ್ಲಿ ಇನ್ನೂ ಹುಟ್ಟಿಲ್ಲ. ಆದ್ದರಿಂದ ಮಸ್ಕಿ ರಸ್ತೆಯ ರೈಸ್ ಮಿಲ್ಲಿನ ಪಂಪಾಪತಿ ನಡುಮಧ್ಯಾಹ್ನ ಕೆಂಪು ಶಾಲು ಸುತ್ತಿಕೊಂಡು ಚಹಾದಂಗಡಿಗೆ ಬಂದಾಗ ನಾವೆಲ್ಲ ಎದ್ದು ನಿಂತು ಕೈಕುಲುಕಿದೆವು. ಯಾವ ಸಂಘದವರು, ಹಾರ ಎಲ್ಲಿ ಎಂದು ವಿಚಾರಿಸಿದೆವು. ಅವನು ಮೂಲೆಯ ಬೆಂಚಿನಲ್ಲಿ ಮುದುಡಿ ಕೂತು, ಫ್ಯಾನು ಆರಿಸಲು ಹೇಳಿದ. ಹೊರಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಪಾಪ, ಮನುಷ್ಯನಿಗೆ ನಿಜವಾಗಿಯೂ ಚಳಿಯಾಗಿತ್ತು!

ಪಂಪಾಪತಿಯದು ಮಿಲ್ಲಿನ ಕಾಟಾ ನೋಡಿಕೊಳ್ಳುವ ಕೆಲಸ. ಲಾರಿ, ಟ್ರ್ಯಾಕ್ಟರುಗಳನ್ನು ಸರಕಿನ ಸಮೇತ ನಿಲ್ಲಿಸಿ ತೂಗುವ ದೊಡ್ಡ ಕಬ್ಬಿಣದ ಹಾಸು ಅದು. ಪಕ್ಕದ ಕೋಣೆಯಲ್ಲಿ ಅವನ ಕುರ್ಚಿ, ಹೊರಗೆ ಕೆಂಪು ಅಂಕಿ ತೋರಿಸುವ ಬೋರ್ಡು. ತೂಕ ಕಡಿಮೆ ಬಂತೆಂದು ರೈತರು ಗೊಣಗಿದರೆ ಅವನದು ಒಂದೇ ಉಪದೇಶ: "ಈ ಕಾಟಾ ಹತ್ತು ಕಿಲೋಕ್ಕೊಮ್ಮೆ ಅಷ್ಟ ಹೆಜ್ಜಿ ಇಡತೈತಿ. ನಡುವಿಂದು ಅದಕ್ಕ ಕಾಣಂಗಿಲ್ಲ. ತಿಳ್ಕೋ."

ಚಳಿಗಾಲ ಮುಗಿದ ಹೊಸದರಲ್ಲಿ ಅವನ ಮುಖ ಊದಿಕೊಂಡಿತು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಪ್ಯಾಂಟಿನ ಗುಂಡಿಗೂ ಕಾಜಾಕ್ಕೂ ಮಾತುಕತೆ ನಿಂತೇ ಹೋಯಿತು. ಹೆಂಡತಿ ಅಮರೇಶ್ವರಿ ಅವನನ್ನು ಲಿಂಗಸೂಗೂರಿನ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆಯಾಯಿತು. ಥೈರಾಯ್ಡ್ ಮಂದವಾಗಿದೆ, ದಿನಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಗುಳಿಗೆ, ನಾನು ಹೇಳದೆ ನಿಲ್ಲಿಸಬಾರದು ಎಂದರು ಡಾಕ್ಟರಮ್ಮ. ಅದು ಹೆಂಗಸರ ಕಾಯಿಲೆಯಲ್ಲವೇ ಎಂದು ಪಂಪಾಪತಿ ತಕರಾರು ತೆಗೆದ. ಗಂಡಸರಿಗೂ ಕುತ್ತಿಗೆ ಇರುತ್ತದಲ್ಲ ಎಂದು ಅವರು ಮುಂದಿನವರನ್ನು ಕರೆದರು.

ಮರಳುವ ಬಸ್ಸು ಮಸ್ಕಿ ದಾಟುವಷ್ಟರಲ್ಲಿ ಪ್ರತಿಜ್ಞೆ ಸಿದ್ಧವಾಗಿತ್ತು.

"ಇಡೀ ತಾಲೂಕಿನ ನೆಲ್ಲು ತೂಗಾಂವ ನಾ. ನನ್ನ ಮೈಯಾಗಿನ ಹತ್ತು ಕಿಲೋ ಇಳಸಾಕ ಗುಳಿಗಿ ಬೇಕೇನು? ಬರೀ ಪಥ್ಯದಾಗ ಇಳಸ್ತೀನಿ, ನೋಡ್ತಿರು."

"ಮೊದ್ಲ ಗುಳಿಗಿ ನುಂಗ್ರಿ," ಎಂದಳು ಅಮರೇಶ್ವರಿ. "ಭಾಷಣ ಆಮ್ಯಾಲ."

ಮರುದಿನದಿಂದ ಮನೆಯಲ್ಲಿ ಪಥ್ಯದ ಆಡಳಿತ ಜಾರಿಗೆ ಬಂತು. ಅಕ್ಕಿಯ ಧೂಳಿನಲ್ಲೇ ಬದುಕುವ ಮನುಷ್ಯ ಅನ್ನವನ್ನು ಗಡಿಪಾರು ಮಾಡಿದ! ಅರ್ಧ ಜೋಳದ ರೊಟ್ಟಿ, ಒಂದು ಹಿಡಿ ಪುಂಡಿಪಲ್ಯ, ಮೇಲೆ ಹೆಂಡತಿಯ ತಟ್ಟೆಯ ಕಡೆಗೊಂದು ದೀರ್ಘ ದೃಷ್ಟಿ. ಅವಳು ಅವನೆದುರಿಗೇ ಮಂಡಕ್ಕಿ ಒಗ್ಗರಣಿಯ ಜೊತೆ ಮಿರ್ಚಿ ಮುರಿದು ತಿನ್ನುತ್ತಿದ್ದಳು. ಬೆಳಿಗ್ಗೆ ಮಾತ್ರ ಗುಳಿಗೆಯನ್ನೂ ನೀರಿನ ಲೋಟವನ್ನೂ ತಪ್ಪದೆ ಅವನ ಕೈಗಿಡುತ್ತಿದ್ದಳು. ಗೊಣಗುತ್ತಲೇ ಆದರೂ ಅವನು ನುಂಗುತ್ತಿದ್ದ.

ತೂಕ ನೋಡಲು ಅವನಿಗೆ ಡಾಕ್ಟರಮ್ಮನ ಪುಟ್ಟ ಯಂತ್ರ ಬೇಕಿರಲಿಲ್ಲ. ಗಾಡಿಗಳು ಬರುವ ಮುಂಚೆ ಕಾಟಾದ ನಟ್ಟನಡುವೆ ಹೋಗಿ ನಿಲ್ಲುತ್ತಿದ್ದ. ಬೋರ್ಡು ತೊಂಬತ್ತು ಎನ್ನುತ್ತಿತ್ತು. ಮರುದಿನವೂ ತೊಂಬತ್ತು. ಕೊನೆಗೆ ಯುಗಾದಿಯ ಬೆಳಿಗ್ಗೆ ಕಾಟಾಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಭಕ್ತಿಯಿಂದ ಚಪ್ಪಲಿ ಬಿಟ್ಟು ಹತ್ತಿ ನಿಂತ. ಎಂಬತ್ತು!

ಒಂದೇ ರಾತ್ರಿಯಲ್ಲಿ ಹತ್ತು ಕಿಲೋ! ಅವನು ಕಾಟಾಕ್ಕೆ ಸಾಷ್ಟಾಂಗ ನಮಸ್ಕಾರ ಹಾಕಿದ. ಮಸ್ಕಿಯ ಭಾವಮೈದುನನಿಗೆ ಫೋನು ಮಾಡಿ, ಪಥ್ಯದ ಮಹಿಮೆ ಕುರಿತು ಅವನು ಕೇಳದ ಉಪನ್ಯಾಸವನ್ನೂ ಕೊಟ್ಟ. ಅಂದಿನಿಂದ ಕಾಟಾ ಹತ್ತುವಾಗ ಚಪ್ಪಲಿ ಬಿಡುವುದು ವ್ರತವಾಯಿತು; ಗುಳಿಗೆ ನಿಂತಿತು. ಹೆಂಡತಿ ಕೊಟ್ಟಿದ್ದನ್ನು ಮುಷ್ಟಿಯಲ್ಲಿ ಅಡಗಿಸಿ, ಗಂಟಲೆತ್ತಿ ನೀರು ಕುಡಿದು, ಬಾಯಿ ಮುಕ್ಕಳಿಸುವ ನೆಪದಲ್ಲಿ ಅಂಗಳಕ್ಕೆ ಹೋಗಿ ದಾಸವಾಳದ ಬುಡಕ್ಕೆ ಬಿಡುತ್ತಿದ್ದ.

"ಹತ್ತು ಕಿಲೋ ಹೋಗ್ಯಾವಂದ್ರ ಪ್ಯಾಂಟಿನ ಗುಂಡಿ ಯಾಕ್ರಿ ಇನ್ನಾ ಕೂಡವಲ್ದು?" ಎಂದು ಅಮರೇಶ್ವರಿ ಒಂದು ದಿನ ಕೇಳಿದಳು.

"ಬಟ್ಟಿ ಕುಗ್ಗೈತಿ."

"ಹೌದು. ಬಟ್ಟಿ ಅಷ್ಟ ಕುಗ್ಗೈತಿ."

ವಾರಗಳು ಕಳೆದಂತೆ ಶಾಲು ಬಂತು. ಅದರ ಹಿಂದೆಯೇ ನಿದ್ದೆ ಬಂತು, ಅದೂ ಎರಡನೇ ಬೆಳೆಯ ಭತ್ತ ಮಿಲ್ಲಿಗೆ ನುಗ್ಗುವ ಕಾಲದಲ್ಲಿ. ಒಂದು ದಿನ ಅಂಕಿ ಓದುತ್ತ ಓದುತ್ತ ಅವನ ಹಣೆ ಮೇಜಿಗೆ ತಗುಲಿತು. ಎದುರಿಗೆ ಮಿಲ್ಲಿನ ಸಾವುಕಾರರು ನಿಂತಿದ್ದರು.

"ಇನ್ನೊಮ್ಮಿ ನಿದ್ದಿಗಣ್ಣಾಗ ಸಿಕ್ಕಿ ಅಂದ್ರ ಈ ಕುರ್ಚಿಮ್ಯಾಲ ಬ್ಯಾರೆ ಮನಷ್ಯಾ ಇರ್ತಾನ, ಪಂಪಾಪತಿ."

ಮನೆ ನಡೆಯುವುದೇ ಆ ಕುರ್ಚಿಯಿಂದ. ಅವನು ಇದನ್ನು ಹೆಂಡತಿಗೆ ಹೇಳಲಿಲ್ಲ. ಕಣ್ಣಿಗೆ ನೀರು ಚಿಮುಕಿಸಿಕೊಂಡ, ತೊಡೆ ಚಿವುಟಿಕೊಂಡ, ಖಾರದ ಮೆಣಸಿನಕಾಯಿ ಕಚ್ಚಿದ. ನಿದ್ದೆ ಮೆಣಸಿನಕಾಯಿಯನ್ನೂ ನುಂಗಿ ಕೂತುಬಿಟ್ಟಿತು.

ಆ ದಿನ ಅವನು ಬುತ್ತಿ ಮರೆತು ಹೋಗಿದ್ದ. ಅದನ್ನು ಹಿಡಿದು ಅಮರೇಶ್ವರಿ ಮಿಲ್ಲಿನ ಗೇಟಿಗೆ ಬರುವ ಹೊತ್ತಿಗೆ ಗೊರೇಬಾಳದ ರೈತ ಮುದುಕಪ್ಪನ ಟ್ರ್ಯಾಕ್ಟರು ಭತ್ತ ಹೇರಿಕೊಂಡು ಕಾಟಾದ ಮೇಲೆ ನಿಂತಿತ್ತು. ಗಾಲಿಗಳೆಲ್ಲ ಹಾಸಿನ ಮೇಲೆ ಬಂದಿವೆಯೇ ಎಂದು ನೋಡಲು ಪಂಪಾಪತಿ ಕೆಳಗಿಳಿದಿದ್ದ. ಹಪ್ಪಳ ಇಟ್ಟರೆ ಸುಡುವಂಥ ಆ ಕಬ್ಬಿಣ ಅವನ ಕಾಲಿಗೆ ಬೆಚ್ಚಗೆ, ಹಿತವಾಗಿ ತಗುಲಿತು. ಹಿಂದಿನ ಗಾಲಿ ನೋಡಲು ಬಗ್ಗಿದವನು ಕೂತ. ಕೂತವನು ಗಾಲಿಗೆ ಒರಗಿ ಕಾಲು ಚಾಚಿದ. ತಿಂಗಳಿಂದ ಬಿಡದ ಚಳಿ ಮೈಯಿಂದ ಇಳಿಯಿತು, ಕಣ್ಣೂ ಮುಚ್ಚಿತು.

ಮುದುಕಪ್ಪ ಬೋರ್ಡಿನ ಅಂಕಿ ನೋಡಿಕೊಂಡು, ಪಂಪಾಪತಿ ಚಹಾಕ್ಕೆ ಹೋಗಿರಬೇಕೆಂದುಕೊಂಡು, ಹಿಂದಿನ ಗಾಡಿಗಳ ಹಾರ್ನಿಗೆ ಬೇಸತ್ತು ಎಂಜಿನ್ ಚಾಲೂ ಮಾಡಿದ. ಅಮರೇಶ್ವರಿಗೆ ಗಾಲಿಯ ಮುಂದೆ ಕೆಂಪು ಶಾಲಿನ ಅಂಚು ಕಂಡಿತು. ಕೂಗಿದಳು. ಮಿಲ್ಲಿನ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಎಂಜಿನ್ ಹೊಗೆ ಉಗುಳಿ ನಡುಗಿತು. ಅವಳು ಓಡಿ ಟ್ರ್ಯಾಕ್ಟರಿನ ಮೂತಿಗೆ ಎದುರಾಗಿ ನಿಂತು, ಬುತ್ತಿಯ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಬಾನೆಟ್ಟಿನ ಮೇಲೆ ಅಪ್ಪಳಿಸಿದಳು.

ಟ್ರ್ಯಾಕ್ಟರು ಗಕ್ಕನೆ ನಿಂತಿತು. ಅದೇ ಹೊತ್ತಿಗೆ ಸಾವುಕಾರರ ಕಾರು ಒಳಗೆ ಬಂತು.

ಪಂಪಾಪತಿಯನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು. ಅವನು ಕಾಟಾದಿಂದ ಕೆಳಗೆ ಕಾಲಿಟ್ಟದ್ದೇ ತಡ, ಬೋರ್ಡಿನ ಅಂಕಿ ತೊಂಬತ್ತು ಕಿಲೋ ಇಳಿಯಿತು. ಸಾವುಕಾರರ ಹುಬ್ಬು ಮೇಲೇರಿತು.

"ಎಷ್ಟ ಗಾಡಿಗಿ ಹಿಂಗ ನಿನ್ನ ತೂಕಾನೂ ಕೂಡಿಸಿ ಕೊಟ್ಟಿ? ಕ್ವಾಣಿ ಕೀಲಿ ಕೊಡು."

ಕೀಲಿ ಅವರ ಅಂಗೈಗೆ ಬಿತ್ತು. ಅಮರೇಶ್ವರಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಕಳವು ಮಾಡಾಕ ಎಚ್ಚರ ಇರಬೇಕಾಕ್ಕೈತ್ರಿ, ಸಾವ್ಕಾರ್ರ. ಇವರಿಗೆ ಅದ ಇಲ್ಲ."

ಅಲ್ಲಿಗೆ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ತೊಂಬತ್ತು ಎಂಬ ಅಪವಾದ ಪಂಪಾಪತಿಗೆ ಕಳ್ಳತನದ್ದಕ್ಕಿಂತ ಹೆಚ್ಚು ಚುಚ್ಚಿತ್ತು. ತನ್ನದು ಎಂಬತ್ತೇ ಎಂದು ಹಟ ಹಿಡಿದ. ಟ್ರ್ಯಾಕ್ಟರನ್ನು ಕೆಳಗಿಳಿಸಿ, ಶಾಲು ತೆಗೆದಿಟ್ಟು, ಚಪ್ಪಲಿ ಬಿಟ್ಟು, ಎಲ್ಲರೆದುರು ಹತ್ತಿ ನಿಂತ. ಎಂಬತ್ತು! ವಿಜಯದ ನಗೆ ನಕ್ಕ. ಮುದುಕಪ್ಪ ಸಾವಕಾಶವಾಗಿ ಬಗ್ಗಿ, ಆ ಚಪ್ಪಲಿಗಳನ್ನು ಎತ್ತಿ ಅವನ ಪಕ್ಕದಲ್ಲಿಟ್ಟ. ತೊಂಬತ್ತು.

"ಪಂಪಣ್ಣ," ಎಂದ ಮುದುಕಪ್ಪ, "ಹತ್ತು ಕಿಲೋದ ಚಪ್ಲಿ ಯಾವ ಅಂಗಡ್ಯಾಗ ತಂದಿ? ಇದು ಹತ್ತು ಕಿಲೋಕ್ಕೊಮ್ಮೆ ಹೆಜ್ಜಿ ಇಡತೈತಿ ಅಂತ ನಮಗ ಹೇಳಾಂವ ನೀನ ಹೌದಿಲ್ಲ?"

ಹಮಾಲರು ಚೀಲ ಕೆಳಗಿಟ್ಟು ನಕ್ಕರು. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು ಪಂಪಾಪತಿಯ ಕಿವಿಗೆ ಮೊದಲ ಸಲ ಬಿತ್ತು. ಎಂಬತ್ತಕ್ಕೂ ತೊಂಬತ್ತಕ್ಕೂ ನಡುವಿನ ಅಂಚಿನಲ್ಲಿ ನಿಂತಿದ್ದ ತೂಕ ಚಪ್ಪಲಿ ಬಿಟ್ಟೊಡನೆ ಒಂದು ಹೆಜ್ಜೆ ಕೆಳಗೆ ತೋರಿತ್ತು, ಅಷ್ಟೇ. ಯುಗಾದಿಯಂದು ಇಳಿದದ್ದು ಬರೀ ಚಪ್ಪಲಿ!

ಅಮರೇಶ್ವರಿ ಮಾತ್ರ ನಗಲಿಲ್ಲ. ಗುಳಿಗೆ ಎಲ್ಲಿ ಹೋಗುತ್ತಿತ್ತು ಎಂದು ಮೆಲ್ಲಗೆ ಕೇಳಿದಳು. ಅವನು ದಾಸವಾಳದ ಹೆಸರು ಹೇಳಿದ. ಸಾವುಕಾರರು ಕೀಲಿಯನ್ನು ಜೇಬಿಗಿಳಿಸಿದರು.

"ಲಿಂಗಸೂಗೂರಿಗೆ ಹೋಗಿ ಬಾ. ಶಾಲು ಇಲ್ದ ಎಚ್ಚರಾಗಿ ಕುಂಡ್ರಾಕ ಬಂದ ದಿನ ಕೀಲಿ ಒಯ್ಯಿ."

ಡಾಕ್ಟರಮ್ಮನ ಪುಟ್ಟ ಯಂತ್ರ ಎಂಬತ್ತೈದು ಎಂದಿತು. ಗುಳಿಗೆ ಬಿಡದೆ ನುಂಗಿದರೆ ಕೆಲವು ವಾರಗಳಲ್ಲಿ ಚಳಿಯೂ ನಿದ್ದೆಯೂ ಹಿಂದೆ ಸರಿಯುತ್ತವೆ, ತೂಕದ ಮಾತು ಆಮೇಲೆ ಎಂದರು ಅವರು. ಪಂಪಾಪತಿ ಈ ಸಲ ತಕರಾರು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ನೋಡುತ್ತಿರುವಂತೆಯೇ ಗುಳಿಗೆ ನುಂಗಿ, ನಾಲಿಗೆ ಚಾಚಿ ತೋರಿಸಿ, ಅಂಗಳಕ್ಕೆ ಇಳಿದ. ಬೇಸಿಗೆಗೆ ಓಣಿಯ ಗಿಡಗಳೆಲ್ಲ ಬಾಡಿದ್ದವು. ದಾಸವಾಳ ಮಾತ್ರ ಮೈತುಂಬ ಹೂ ಬಿಟ್ಟಿತ್ತು. ಅವನಿಗೆ ಗಾಬರಿಯಾಯಿತು.

"ಅಲ್ಲ ಅಮರೇಶ್ವರಿ, ಇಷ್ಟ ದಿನ ನನ್ನ ಗುಳಿಗಿ ಇದಕ್ಕ ಹಾಕೀನಿ. ಗಿಡಕ್ಕೇನರ ಆದೀತೇನು?"

"ಅದಕ್ಕೇನ ಆಕ್ಕೈತಿ?" ಎಂದಳು ಅವಳು. "ಅದು ದಿನಾ ಹೊತ್ತಿಗಿ ಸರಿಯಾಗಿ ತಗೊಂಡೈತಿ."