ನಮ್ಮ ಬೆಕ್ಕಿಗೆ ಯಾರೂ ಸಕ್ಕರೆ ಕೊಡಬೇಡಿ

ಇವತ್ತು ಯಾರ ಮೇಲೂ ಸಿಟ್ಟಾಗಬಾರದು ಎಂದು ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿರ್ಧಾರ ಮಾಡುತ್ತೇನೆ. ಬಾಯಿ ಮುಕ್ಕಳಿಸುವಷ್ಟರಲ್ಲಿ ಯಾರಾದರೂ ಬಂದು ಅದನ್ನು ಕೆಡಿಸುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರೋಣದಲ್ಲಿ ನಮ್ಮ ಓಣಿಗೆಲ್ಲ ಅಕ್ಕೋರು. ನನ್ನ ಬೆನ್ನ ಹಿಂದೆ ಏನೆನ್ನುತ್ತಾರೋ ಅದೂ ನನಗೆ ಗೊತ್ತು. ಅನ್ನಲಿ. ನಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದ ವರ್ಷ ನನಗೆ ಬಂದಷ್ಟು ಸಿಟ್ಟು ಅವರಿಗೆ ಬಂದಿದ್ದರೆ ಅವರೂ ಹಾಗೇ ಒದರಾಡುತ್ತಿದ್ದರು.

ಎಷ್ಟು ಲೀಟರ್?

ಬಿಳಿ ಗಂಡು ಬೆಕ್ಕು. ನಾನು ಉತ್ತರಪತ್ರಿಕೆ ತಿದ್ದುವಾಗ ಅದು ಬಂದು ಪತ್ರಿಕೆಗಳ ಮೇಲೇ ಮಲಗುತ್ತಿತ್ತು. ನಾನು ಬೈದದ್ದನ್ನೆಲ್ಲ ಕಣ್ಣು ಮುಚ್ಚದೆ ಕೇಳುವ ಪ್ರಾಣಿ ನಮ್ಮ ಮನೆಯಲ್ಲಿ ಅದೊಂದೇ. ಅಂಥ ಬೆಕ್ಕು ಒಮ್ಮೆಲೇ ಸೊರಗತೊಡಗಿತು, ಕೊಡಗಟ್ಟಲೆ ನೀರು ಕುಡಿಯತೊಡಗಿತು, ಅದು ಉಚ್ಚೆ ಹೊಯ್ಯುವ ಮರಳಿನ ಬುಟ್ಟಿಗೆ ಇರುವೆಗಳು ಸಾಲುಗಟ್ಟಿದವು. ನಮ್ಮ ಮನೆಯವರು ಬುಟ್ಟಿಗೆ ಬಗ್ಗಿ ನೋಡಿ, "ನಂದೂ ಹಿಂಗ ಸುರು ಆಗಿತ್ತು" ಎಂದರು. ಅವರಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಬಹಳ ವರ್ಷವಾಗಿತ್ತು. ಮನೆಯಲ್ಲಿ ಜೊತೆ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಸಂತೋಷವಾದಂತೆ ನನಗೆ ಕಂಡಿತು. ಮೊದಲ ಸಿಟ್ಟು ಅಲ್ಲೇ ಬಂತು.

ಇಬ್ಬರೂ ಬೆಕ್ಕನ್ನು ದನದ ದವಾಖಾನೆಯೊಂದಕ್ಕೆ ಒಯ್ದೆವು. ಅಲ್ಲಿ ಬಾಗಿಲಲ್ಲಿ ಕೂತಿದ್ದವನು ತಲೆ ಎತ್ತದೆ ಕೇಳಿದ:

"ಎಮ್ಮಿನೋ ಆಕಳೋ?"

"ಬೆಕ್ಕು."

"ಎಷ್ಟ ಲೀಟರ್ ಹಾಲ ಕೊಡತೈತ್ರಿ?"

"ಕೊಡೂದಿಲ್ಲಪಾ, ಕುಡೀತೈತಿ."

ಆಗ ಅವನು ತಲೆ ಎತ್ತಿದ. "ಹಂಗಾರ ಯಾಕ ಇಟ್ಕೊಂಡೀರಿ?"

ನನಗೆ ಮೈಯೆಲ್ಲ ಉರಿಯಿತು. ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತವರನ್ನು ತೋರಿಸಿ, "ನಮ್ಮ ಮನಿಯವರೂ ಹಾಲ ಕೊಡೂದಿಲ್ಲ. ಇಟ್ಕೊಂಡೀನಿ" ಎಂದೆ.

ಕೋಳಿ ಟಿಕೆಟ್

ಗಜೇಂದ್ರಗಡದಲ್ಲಿ ನಾಯಿ ಬೆಕ್ಕು ನೋಡುವ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಬೆಕ್ಕನ್ನು ಬಿದಿರು ಬುಟ್ಟಿಯಲ್ಲಿ ಹಾಕಿ, ಮೇಲೆ ಇನ್ನೊಂದು ಬುಟ್ಟಿ ಬೋರಲು ಹಾಕಿ ಹಗ್ಗ ಬಿಗಿದು ಬಸ್ಸು ಹತ್ತಿದೆ. ಕಂಡಕ್ಟರು ಬುಟ್ಟಿಗೆ ಕಿವಿ ಹಚ್ಚಿದ.

"ಏನ್ರೀ ಇದು?"

"ಬೆಕ್ಕು."

"ಬೆಕ್ಕಿಗೆ ಟಿಕೆಟ್ ಇಲ್ರಿ. ಕೋಳಿಗೈತಿ. ಕೋಳಿ ಅಂತ ಹರೀಲೇನ್ರಿ?"

"ನನ್ನ ಬೆಕ್ಕಿಗೆ ಕೋಳಿ ಅಂತೀಯೇನೋ?"

"ಹಂಗಾರ ಇಳೀರಿ."

ಬಸ್ಸಿನ ತುಂಬ ಮಂದಿ. ಎಲ್ಲರೂ ಒಂದೇ ದನಿಯಲ್ಲಿ, "ಕೋಳಿ ಅನ್ರಿ ಅಕ್ಕೋರ, ಹೊತ್ತಾತು!" ಎಂದರು. ವಿಜ್ಞಾನದ ಶಿಕ್ಷಕಿ ನಾನು, ಕೋಳಿ ಎಂದು ಒಪ್ಪಿಕೊಂಡೆ. ಬಸ್ಸು ಹೊರಟ ಕೂಡಲೇ ಕೋಳಿ "ಮ್ಯಾಂವ್" ಎಂದು ಶುರು ಮಾಡಿದ್ದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನವರೆಗೂ ನಿಲ್ಲಿಸಲಿಲ್ಲ.

ಡಾಕ್ಟರು ರಕ್ತ ನೋಡಿ ಗಾಬರಿಯಾದರು. ಹೇಗೆ ಕರೆತಂದಿರಿ ಎಂದು ಕೇಳಿದರು. ಹೇಳಿದೆ.

"ಸಕ್ಕರಿ ಕಾಯಿಲೆ ಇರೂದು ಖರೇ. ಆದ್ರ ಹೆದರಿದ ಬೆಕ್ಕಿಗೆ ಇನ್ನಷ್ಟು ಏರತೈತ್ರಿ. ಇದರಾಗ ಬೆಕ್ಕಿಂದ ಎಷ್ಟು, ಬಸ್ಸಿಂದ ಎಷ್ಟು ಅಂತ ನಾ ಹ್ಯಾಂಗ ಹೇಳ್ಲಿ? ಇನ್ನ ಮ್ಯಾಲೆ ನೀವ ಮನಿಯಾಗ ನೋಡಿ ನನಗ ಫೋನ್ ಮಾಡ್ರಿ."

ಇನ್ಸುಲಿನ್ ಚುಚ್ಚುವುದನ್ನೂ ಹೇಳಿಕೊಟ್ಟರು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಏರಿದ್ರ ನಿಧಾನಕ ಕೊಲ್ಲತೈತಿ. ಒಮ್ಮೆಲೇ ಇಳಿದ್ರ ಅಲ್ಲೇ ಹೋಗಿಬಿಡತೈತಿ. ಬೆಕ್ಕು ತೂರಾಡಿ ಬಿದ್ರ ಒಂದೀಟ ಸಕ್ಕರಿ ನೀರು ಒಸಡಿಗೆ ತಿಕ್ಕ್ರಿ. ತಡಾ ಮಾಡಬ್ಯಾಡ್ರಿ."

ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ಸಕ್ಕರೆಗೇನು ಬರ ಎಂದುಕೊಂಡೆ.

ಯಾರ ರಕ್ತ?

ಸಕ್ಕರೆ ನೋಡುವ ಮಷೀನು ಮನೆಯಲ್ಲೇ ಇತ್ತು. ನನ್ನ ತಮ್ಮ ಹುಬ್ಬಳ್ಳಿಯಿಂದ ಭಾವನಿಗಾಗಿ ತಂದುಕೊಟ್ಟದ್ದು. ಖಂಡೇನವಮಿಗೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದು ಬಿಟ್ಟರೆ ಅವರು ಅದನ್ನು ಮುಟ್ಟಿರಲಿಲ್ಲ. ಕುಂಕುಮ ಒರೆಸಿ ತೆಗೆದೆ.

ಬೆಕ್ಕಿನ ಕಿವಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಿಡಿಯಬೇಕು. ಕಿವಿ ಬೆಚ್ಚಗಾದ ಮೇಲೆ ಅಂಚಿನಲ್ಲಿ ಸೂಜಿ ತಾಗಿಸಬೇಕು. ಒಂದು ಹನಿ ಬಂದರೆ ಮಷೀನಿನ ಪಟ್ಟಿಗೆ ಮುಟ್ಟಿಸಬೇಕು. ಹೇಳುವುದು ಸುಲಭ. ನಮ್ಮ ಮನೆಯವರು ಬೆಕ್ಕಿಗೆ ಟವೆಲ್ ಸುತ್ತಿ ಎದೆಗವಚಿ, ಕಿವಿಯ ಹಿಂದೆ ಬೆರಳು ಆನಿಸಿ ಹಿಡಿದರು. ಬೆಕ್ಕು ಕೊಸರಿತು. ನಾನು ಚುಚ್ಚಿದೆ. ಹನಿ ಬಂತು. ಮಷೀನು ತೋರಿಸಿದ ಅಂಕಿ ನೋಡಿ ನನ್ನ ಕಣ್ಣು ಕತ್ತಲಾಯಿತು. ಬಸ್ಸಿನಲ್ಲಿ ಹೋದಾಗಲೂ ಅಷ್ಟು ಇರಲಿಲ್ಲ.

"ಏನ ತಿಂದೀಯೋ ಭಾಡ್ಯಾ? ಯಾರ ಮನಿಗೆ ಹೋಗಿದ್ದಿ? ನಾ ಇಲ್ಲಿ ನಿನಗ ಸೂಜಿ ಚುಚ್ಚಕೋತ ಸಾಯಬೇಕು, ನೀ ಕದ್ದ ತಿಂದ ಬರಬೇಕು?" ಎಂದು ಬೆಕ್ಕಿಗೆ ಮನಸೋ ಇಚ್ಛೆ ಬೈದೆ. ಬೆಕ್ಕು ಪಿಳಿಪಿಳಿ ನೋಡಿತು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ನಮ್ಮ ಮನೆಯವರು ಬೆರಳು ಚೀಪುತ್ತ ಮೆಲ್ಲಗೆ ಹೇಳಿದರು:

"ಅದಕ್ಕ ಬೈಬ್ಯಾಡ. ಸೂಜಿ ನನಗ ಹತ್ತಿತ್ತು. ನರಗುಂದದಾಗ ನಮ್ಮ ಆಫೀಸಿನವರು ಜಿಲೇಬಿ ತರಿಸಿದ್ರು."

ಖಾಲಿ ಕೈಯಲ್ಲಿ ಬರಬಾರದು

ಇನ್ಸುಲಿನ್ ಶುರುವಾದರೂ ಸಕ್ಕರೆ ಇಳಿಯಲಿಲ್ಲ. ಓಣಿಯಲ್ಲಿ ಯಾರೋ ತಿನ್ನಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಒಂದು ರಟ್ಟಿನ ತುಂಡಿನ ಮೇಲೆ ‘ನನಗೆ ಸಕ್ಕರೆ ಕಾಯಿಲೆ ಇದೆ’ ಎಂದು ದಪ್ಪಗೆ ಬರೆದು ಬೆಕ್ಕಿನ ಕೊರಳಿಗೆ ಕಟ್ಟಿದೆ. ಓದು ಬರಹ ಕಲಿಸಿ ಏನು ಉಪಯೋಗ ಎಂದು ನನಗೆ ಅನ್ನಿಸಿದ್ದು ಆ ವಾರವೇ.

ಮರುದಿನವೇ ಪಕ್ಕದ ಮನೆಯ ಗಾದಿ ಹೊಲಿಯುವ ಚಾಚಾ ಮತ್ತು ಅವರ ಹೆಂಡತಿ ಬಂದರು. ಕೈಯಲ್ಲಿ ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು.

"ಪಾಪ, ಬೀಮಾರ್ ಅಂತಲ್ರೀ. ನಮಗ ಗೊತ್ತ ಇರಲಿಲ್ಲ. ಬೋರ್ಡ್ ನೋಡಿದ ಮ್ಯಾಲ ತಿಳೀತು."

"ಅದಕ್ಕ ಸಕ್ಕರಿ ಕಾಯಿಲೆ ಐತಿ ಚಾಚಾ! ಬಿಸ್ಕೀಟ್ ಯಾಕ ತಂದೀರಿ?"

"ಬೀಮಾರ್ ಇದ್ದವರನ್ನ ನೋಡಾಕ ಖಾಲಿ ಕೈಲೆ ಬರಬಾರದಲ್ರೀ ಅಕ್ಕೋರ" ಎಂದು ಚಾಚಾ ನನಗೇ ಬುದ್ಧಿ ಹೇಳಿದರು.

ಆಮೇಲೆ ಸಾಲು ನಿಲ್ಲಲಿಲ್ಲ. ಎದುರು ಮನೆಯ ಅಜ್ಜಿ ಪೇಢೆ ತಂದಳು. ಆಕೆಯ ಮಗನಿಗೆ ಬಜಾರದಲ್ಲಿ ಮಿಠಾಯಿ ಅಂಗಡಿಯಿದೆ. ಸುದ್ದಿ ಯಾವಗಲ್ ಹಳ್ಳಿಗೆ ಮುಟ್ಟಿ ನಮ್ಮ ಮನೆಯವರ ಅಕ್ಕ ಟ್ರ್ಯಾಕ್ಟರ್ ಹತ್ತಿ ಡಬ್ಬಿಯ ತುಂಬ ಮಾದ್ಲಿ ತಂದರು. ಬೆಲ್ಲ ಸುರಿದು ಮಾಡಿದ ಮಾದ್ಲಿ! ಬೆಕ್ಕಿನ ತಲೆ ಸವರಿ, "ಭಾಳ ಇಳದೈತಿ. ಚಲೋ ತಿನ್ನಸು" ಎಂದು ನನ್ನನ್ನೇ ಗದರಿದರು. ತಮ್ಮನಿಗೆ ಕಾಯಿಲೆ ಬಂದಾಗ ಈ ಅಕ್ಕ ಒಮ್ಮೆಯೂ ನೋಡಲು ಬಂದಿರಲಿಲ್ಲ. ಅದನ್ನು ತಮ್ಮ ನೆನಪಿಸಿದಾಗ, "ನಿನ್ನ ಕೊಳ್ಳಾಗ ಬೋರ್ಡ್ ಇರಲಿಲ್ಲಲ್ಲೋ" ಎಂದರು.

ನಾನೇ ಬಂದು ಕೇಳಿದರೂ

ಇಷ್ಟಾದ ಮೇಲೆ ನಾನು ಯಾರ ಮಾತೂ ಕೇಳಲಿಲ್ಲ. ಮನೆಯಲ್ಲಿದ್ದ ಸಕ್ಕರೆ, ಬೆಲ್ಲ, ಮಾದ್ಲಿ ಎಲ್ಲ ಹೊರಗೆ ಹಾಕಿದೆ. ಆದರೂ ಅಂಕಿ ಇಳಿಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. "ಏನೂ ತಿನ್ನಸ್ತಿಲ್ಲ ಹೌದಲ್ರಿ?" ಎಂದು ಕೇಳಿದರು. ಆಣೆ ಮಾಡಿ ಇಲ್ಲವೆಂದೆ. ಇನ್ಸುಲಿನ್ ಸ್ವಲ್ಪ ಹೆಚ್ಚಿಸಿದರು.

ಅದೇ ವಾರದ ಶನಿವಾರ ಸಂಜೆ ಇನ್ನೊಂದು ಸಂಗತಿ ಬಯಲಾಯಿತು. ನಮ್ಮ ಮನೆಯವರು "ಅಕ್ಕೋರು ಕೇಳ್ಯಾರ" ಎಂದು ನನ್ನ ಹೆಸರು ಹೇಳಿ ಚಾಚಾನ ಮನೆಯಿಂದ ದಿನಾ ವಾಟಗದಲ್ಲಿ ಸಕ್ಕರೆ ತಂದು ಚಹಾ ಕುಡಿಯುತ್ತಿದ್ದರು. ನಾನು ಓಣಿಯ ನಡುವೆ ನಿಂತೆ. ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವ ದನಿಯಲ್ಲಿ ಒದರಿದೆ:

"ಎಲ್ಲಾರೂ ಕೇಳ್ರಿ! ನಮ್ಮ ಬೆಕ್ಕ ಸತ್ರ ಅದರ ಪಾಪ ನಿಮ್ಮ ತಲಿ ಮ್ಯಾಲೆ! ನಮ್ಮ ಮನಿಗೆ ಒಂದ ಹಳಕ ಸಕ್ಕರಿ ಬರಬಾರದು. ನಮ್ಮ ಮನಿಯವರು ಕೇಳಿದ್ರೂ ಕೊಡಬ್ಯಾಡ್ರಿ. ನಾನ ಬಂದ ಕೇಳಿದ್ರೂ ಕೊಡಬ್ಯಾಡ್ರಿ!"

ಬಾಗಿಲುಗಳಲ್ಲಿ ನಿಂತವರೆಲ್ಲ ತಲೆಯಾಡಿಸಿದರು. ಮೊದಲ ಸಲ ಈ ಓಣಿ ನನ್ನ ಮಾತು ಕೇಳಿತು ಎಂದು ಖುಷಿಯಾಗಿ ಒಳಗೆ ಬಂದೆ.

ರವಿವಾರ ಬೆಳಿಗ್ಗೆ ಇನ್ಸುಲಿನ್ ಕೊಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಬೆಕ್ಕು ತೂರಾಡುತ್ತ ಬಂದು ನನ್ನ ಕಾಲ ಬಳಿ ಬಿತ್ತು. ಕಿವಿ ಚುಚ್ಚಿ ನೋಡಿದೆ. ಅಂಕಿ ಪಾತಾಳಕ್ಕೆ ಇಳಿದಿತ್ತು. ಡಬ್ಬಿಗಳನ್ನೆಲ್ಲ ತಡಕಾಡಿದೆ, ಉಪ್ಪು, ಖಾರ, ಅರಿಷಿಣ, ಎಲ್ಲ ಇತ್ತು. ಸಕ್ಕರೆ ಒಂದು ಹರಳಿಲ್ಲ. ಬೆಕ್ಕನ್ನೆತ್ತಿಕೊಂಡು ಚಾಚಾನ ಮನೆಗೆ ಓಡಿದೆ.

"ಒಂದ ಚಮಚಾ ಸಕ್ಕರಿ ಕೊಡ್ರಿ, ಲಗೂ!"

ಚಾಚಾನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಇಲ್ರಿ. ನೀವ ಬಂದ ಕೇಳಿದ್ರೂ ಕೊಡಬಾರದು ಅಂದೀರಿ."

"ಬೆಕ್ಕ ಸಾಯಾಕ ಹತ್ತೈತಿ!"

"ಅದ ಪಾಪ ನಮ್ಮ ತಲಿ ಮ್ಯಾಲೆ ಬ್ಯಾಡ ಅಂತನ ಕೊಡವಲ್ಲೆ."

ಒಳಗಿಂದ ಚಾಚಾ ಕೂಗಿದರು: "ಕೊಡಬ್ಯಾಡ! ಅಕ್ಕೋರು ಪರೀಕ್ಷಾ ಮಾಡಾಕ ಬಂದಾರ!"

ನನಗೆ ಅಳು ಬಂತು. ಓಣಿಯ ನಡುವೆ, ಹಿಂದಿನ ದಿನ ನಿಂತಿದ್ದ ಜಾಗದಲ್ಲೇ ಕೂತುಬಿಟ್ಟೆ. ತೊಡೆಯ ಮೇಲೆ ಬೆಕ್ಕು, ಅದರ ಕೊರಳಲ್ಲಿ ರಟ್ಟು. ಆಗ ಎದುರು ಮನೆಯ ಅಜ್ಜಿ ಬರಿಗಾಲಲ್ಲಿ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿ ಪೇಢೆ ತೆಗೆದು, ಅರ್ಧ ಮುರಿದು ಬೆರಳಲ್ಲಿ ನುರಿದು ಬೆಕ್ಕಿನ ಒಸಡಿಗೆ ತಿಕ್ಕಿದಳು. ಮತ್ತೆ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಬೆಕ್ಕು ನಾಲಿಗೆ ಚಾಚಿ ಆಕೆಯ ಬೆರಳು ನೆಕ್ಕಿತು.

ನಾನು ಕಣ್ಣೊರೆಸಿಕೊಂಡೆ. "ಸೆರಗಿನಾಗ ಪೇಢೆ ಯಾಕ ಇತ್ತಬೇ?" ಎಂದು ಕೇಳಿದೆ.

ಅಜ್ಜಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. "ಯಾಕಂದ್ರ? ದಿನಾ ಮುಂಜಾನೆ ಅದಕ್ಕ ಕೊಡಾಕ! ದಿನಾ ತಿಂದ ಆರಾಮ ಇತ್ತು. ನೀ ನಿನ್ನೆ ಪಾಪ ಅದು ಇದು ಅಂತ ಒದರಾಡಿದಿ ಅಂತ ಇವತ್ತ ಒಂದ ದಿನ ತಪ್ಪಿಸಿದೆ, ನೋಡ ಏನಾತು! ಇನ್ನೊಮ್ಮೆ ನಿನ್ನ ಮಾತ ಕೇಳಿದ್ರ ಕೇಳ!"

ಎಷ್ಟೋ ದಿನದಿಂದ ನಾನು ಹುಡುಕುತ್ತಿದ್ದ ಕಳ್ಳಿ ಕಣ್ಣೆದುರೇ ನಿಂತಿದ್ದಳು. ಅಷ್ಟೂ ದಿನದ ಸಿಟ್ಟು ಒಟ್ಟುಗೂಡಿಸಿ ಬೈಯಲು ದೊಡ್ಡದಾಗಿ ಬಾಯಿ ತೆರೆದೆ.

"ಬೆಕ್ಕ ಉಳೀತಲ್ಲ, ಬಾಯಿ ಸಿಹಿ ಮಾಡ್ಕೋ" ಎಂದು ಅಜ್ಜಿ ಉಳಿದರ್ಧ ಪೇಢೆಯನ್ನು ನನ್ನ ಬಾಯಿಗೆ ತುರುಕಿದಳು.