ಬೀಗರ ಮನೆಯ ಪಿಂಗಾಣಿ

ವಾಸುದೇವನಿಗೆ ಆ ದಿನದ ಮೊದಲ ಕೋಪ ಬಂದದ್ದು ಗಮ್‌ಬೂಟಿನಿಂದ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವ ಮನುಷ್ಯ. ಒಬ್ಬಳೇ ಮಗಳು ನಿಧಿ, ನೆಲ್ಸನ್ ಎಂಬ ಊರಿನ ಹತ್ತಿರ ಹಸು ಸಾಕುವ ಜರ್ಮನ್ ಹುಡುಗ ಲುಕಾಸನನ್ನೇ ಮದುವೆಯಾಗುತ್ತೇನೆ ಎಂದಾಗಿನಿಂದ ಅದು ಇಳಿದೇ ಇರಲಿಲ್ಲ. ನಾಳೆ ಮದುವೆ. ಹೇಗಾದರೂ ತಪ್ಪಿಸಲೇಬೇಕೆಂದು ಹೆಂಡತಿ ಕಮಲಾಳೊಂದಿಗೆ ಆಕ್ಲೆಂಡಿನಿಂದ ಬಂದರೆ, ಬೆಳಗಿನ ಕಾಫಿಗೂ ಮುಂಚೆ ಹುಡುಗನ ತಾಯಿ ಹಿಲ್ಡೆ ವಾಸುದೇವನ ಕೈಗೆ ಆ ರಬ್ಬರ್ ಬೂಟು ಕೊಟ್ಟು ಕೊಟ್ಟಿಗೆ ತೋರಿಸಿದಳು.

ಜರ್ಮನಿ ಬಿಟ್ಟು ಬಂದು ಎಷ್ಟೋ ವರ್ಷವಾದರೂ ಆ ಮನೆಯ ಪದ್ಧತಿ ಬದಲಾಗಿರಲಿಲ್ಲ. ಮನೆಯವರು ಅನ್ನಿಸಿಕೊಂಡವರೆಲ್ಲ ದುಡಿಯಬೇಕು. ಆಕ್ಲೆಂಡಿನ ಮನುಕಾವ್ ಆಫೀಸಿನಲ್ಲಿ ನಾಲ್ಕು ಜನರನ್ನು ಗದರಿಸಿಕೊಂಡಿದ್ದ ಇಂಜಿನಿಯರು ಬೀಗರ ಮನೆಯಲ್ಲಿ ಸಗಣಿ ಬಾಚಿದ. ಸಂಜೆಗಾದರೂ ಬಿಸಿಬಿಸಿ ಊಟ ಸಿಕ್ಕೀತೆಂದು ಕೂತರೆ ತಣ್ಣನೆಯ ಬ್ರೆಡ್ಡು, ಹುಳಿ ಬರಿಸಿದ ಎಲೆಕೋಸು.

"ಬೀಗರಿಗೆ ಮಾಡೋ ಮರ್ಯಾದೆ ನೋಡಿದ್ಯೇನೇ?" ಎಂದು ಹಲ್ಲು ಕಡಿದ. ಕಮಲಾ ಎಲೆಕೋಸನ್ನು ಇನ್ನೊಂದು ಸಲ ಬಡಿಸಿಕೊಂಡಳು.

ಅಷ್ಟರಲ್ಲಿ ಬಾಗಿಲ ಬಳಿ ಏನೋ ಚೂರುಚೂರಾದ ಸದ್ದು. ನೋಡಿದರೆ, ಅಕ್ಕಪಕ್ಕದ ಫಾರ್ಮಿನ ಜರ್ಮನ್ನರು ಹಿಂದೆ ಸಾಮಾನು ಹೇರುವ ಯೂಟು ಗಾಡಿಗಳಲ್ಲಿ ಬಂದಿಳಿದು, ಅವರ ಭಾಷೆಯಲ್ಲಿ ಏನೇನೋ ಅರಚುತ್ತ, ಹೊಸ್ತಿಲಿಗೇ ಗುರಿಯಿಟ್ಟು ಪಿಂಗಾಣಿ ತಟ್ಟೆ ಒಡೆಯುತ್ತಿದ್ದಾರೆ. ಮದುವೆ ಮನೆ ಬಾಗಿಲಲ್ಲಿ ಇಂಥ ಅಪಶಕುನ ಯಾರಾದರೂ ಮಾಡುತ್ತಾರೆಯೇ? ಹಾಗಾದರೆ ಈ ಸಂಬಂಧ ಇವರಿಗೂ ಬೇಡ! ಅಲ್ಲಿಯವರೆಗೆ ಒಂಟಿಯಾಗಿದ್ದ ವಾಸುದೇವನಿಗೆ ಊರಿಗೆ ಊರೇ ಜೊತೆಯಾಯಿತು.

ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಉಕ್ಕಿ ಬಂತು. ಮೇಜಿನ ಮೇಲಿದ್ದ ದೊಡ್ಡ ಬೋಗುಣಿಯನ್ನು ಎಲೆಕೋಸಿನ ಸಮೇತ ಎತ್ತಿ ತಂದು ಹೊಸ್ತಿಲಿಗೆ ಅಪ್ಪಳಿಸಿದ. ಸಾಲದೆಂದು ಕಪ್ಪು, ಬಸಿಗಳನ್ನೂ ಒಡೆದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಲ್ಡೆ ಕಣ್ಣೊರೆಸಿಕೊಳ್ಳುತ್ತ ಬಂದು ಅವನನ್ನು ತಬ್ಬಿಕೊಂಡಳು. ಹಿಂದೆಯೇ ನಿಧಿ ಓಡಿ ಬಂದಳು.

"ಅಪ್ಪ, ಮದುವೆ ಹಿಂದಿನ ದಿನ ಹೀಗೆ ಒಡೆದು ಹರಸೋದು ಇವರ ಪದ್ಧತಿ ಅಂತ ನಿಂಗೆ ಗೊತ್ತಿತ್ತಾ? ನೀನು ಒಪ್ಪದೆ ನಾನು ಮದುವೆ ಆಗಲ್ಲ ಅಂತ ಬೆಳಿಗ್ಗೇನೇ ಲುಕಾಸ್‌ಗೆ ಹೇಳ್ಬಿಟ್ಟಿದ್ದೆ. ಸಂಜೆವರೆಗೂ ಕಾಯೋಣ ಅಂದ. ಎಲ್ಲಾ ಕ್ಯಾನ್ಸಲ್ ಅಂತ ಇವರಿಗೆ ಹೇಳೋಕೆ ಈಗ ಬರ್ತಾ ಇದ್ವಿ, ಅಷ್ಟರಲ್ಲಿ ನೀನೇ..." ಎಂದು ಅಳತೊಡಗಿದಳು.

ಆ ಹಾಳು ಎಲೆಕೋಸು ತಿಂದುಕೊಂಡು ಇನ್ನೆರಡು ನಿಮಿಷ ತೆಪ್ಪಗೆ ಕೂತಿದ್ದರೆ ಸಾಕಿತ್ತು. ವಾಸುದೇವನಿಗೆ ತನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ಪಕ್ಕದವನ ಕೈಯಲ್ಲಿದ್ದ ತಟ್ಟೆ ಕಿತ್ತುಕೊಂಡು ನೆಲಕ್ಕೆ ಬಡಿದ.

ಅದಕ್ಕೂ ಚಪ್ಪಾಳೆ ಬಿತ್ತು.